ಮೊದಲ ಕಂತು ಯಾವಾಗ?

ಸರ್ಕಾರಿ ಸ್ಕಾಲರ್‌ಶಿಪ್ ಸಿಕ್ಕು ವಿದೇಶಕ್ಕೆ ಓದಲು ಹೊರಟವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಒಂದು ಕಾಲದಲ್ಲಿ ನಾನೂ ಜಪಾನ್ ಸರ್ಕಾರದ ದುಡ್ಡಿನಲ್ಲಿ ಅಲ್ಲಿ ಓದಿದವಳು, ಅದಕ್ಕೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಚಳಿ ಹೇಗಿರುತ್ತೆ, ಭಾಷೆ ಎಷ್ಟು ಬರಬೇಕು, ಪ್ರೊಫೆಸರ್‌ಗೆ ಮೊದಲ ಮೇಲ್ ಹೇಗೆ ಬರೆಯಬೇಕು. ತಿಂಗಳಿಗೆ ಎಷ್ಟು ಬರುತ್ತೆ ಅನ್ನೋದು ಎಲ್ಲರಿಗೂ ಬಾಯಿಪಾಠ. ಆದರೆ 'ಮೊದಲ ಕಂತು ಯಾವ ತಾರೀಖಿಗೆ ಕೈಗೆ ಬರುತ್ತೆ?' ಅಂತ ನಾನು ತಿರುಗಿ ಕೇಳಿದರೆ ಮಾತು ತಡವರಿಸುತ್ತದೆ. ಅದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಆಯ್ಕೆ ಪತ್ರದ ಮೊದಲ ಪುಟದಲ್ಲೇ ಮೊತ್ತ ಎದ್ದು ಕಾಣುತ್ತದೆ. ತಾರೀಖು ಮಾತ್ರ ಹಿಂದಿನ ಪುಟಗಳ ನಿಯಮಗಳ ನಡುವೆ, 'ಬಂದು ಸೇರಿದ ಮೇಲೆ, ದಾಖಲೆಗಳು ಸರಿಯಾದ ಮೇಲೆ' ಅನ್ನುವ ಧಾಟಿಯಲ್ಲಿ ಅಡಗಿ ಕೂತಿರುತ್ತದೆ.

ಈ ವಿಚಾರ ನನ್ನನ್ನು ಬಹಳ ವರ್ಷಗಳಿಂದ ಕೊರೆಯುತ್ತಿದೆ. ಒಂದು ದೇಶದ ಸರ್ಕಾರ ಬೇರೆ ದೇಶದ ಹುಡುಗ ಹುಡುಗಿಯರಿಗೆ ಎರಡು ಮೂರು ವರ್ಷ ಫೀಸು ಕಟ್ಟಿ, ತಿಂಗಳ ಖರ್ಚು ಕೊಟ್ಟು ಓದಿಸುತ್ತದೆ. ಸಣ್ಣ ವಿಷಯವಲ್ಲ. ಆದರೆ ಆ ದೊಡ್ಡ ದುಡ್ಡು ಬರುವುದಕ್ಕೆ ಮುಂಚೆ ಒಂದಿಷ್ಟು ಸಣ್ಣ ದುಡ್ಡು ಬೇಕಾಗುತ್ತದೆ. ಅದನ್ನು ಯಾರೂ ಕೊಡುವುದಿಲ್ಲ. ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಅನ್ನುವುದನ್ನು ಎಷ್ಟೋ ಸಲ ತೀರ್ಮಾನಿಸುವುದು ಆ ಸಣ್ಣ ದುಡ್ಡೇ.

ಸಹಿ ಹಾಕುವ ಕಿಟಕಿ

ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಶುರುವಾಗಿದ್ದು 1954ರಲ್ಲಿ. ಅಲ್ಲಿನ ಶಿಕ್ಷಣ ಸಚಿವಾಲಯ ಕೊಡುತ್ತದೆ, ಎಲ್ಲರೂ ಮೆಕ್ಸ್ಟ್ ಅಂತಲೇ ಕರೆಯುತ್ತಾರೆ. ಫೀಸು ಇಲ್ಲ, ವಿಮಾನದ ಟಿಕೆಟ್ ಅವರದೇ, ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್. ಸಂಶೋಧನಾ ವಿದ್ಯಾರ್ಥಿಗಳಿಗೆ 1,43,000 ಯೆನ್ ಅನ್ನುವ ಲೆಕ್ಕ ಬಹಳ ವರ್ಷ ಅಲ್ಲೇ ನಿಂತಿತ್ತು. ಅದಕ್ಕೂ ಹಿಂದೆ ಇನ್ನೂ ಜಾಸ್ತಿ ಕೊಡುತ್ತಿದ್ದರು. ನನಗೆ ಅದರ ಬಗ್ಗೆ ದೂರೇನೂ ಇಲ್ಲ. ಒಬ್ಬರ ಬದುಕಿಗೆ ಸಾಕಾಗುವ ದುಡ್ಡು ಅದು.

ಆದರೆ ಆ ದುಡ್ಡು ತಾನಾಗಿ ಬರುವುದಿಲ್ಲ. ತಿಂಗಳಿಗೊಮ್ಮೆ ವಿಶ್ವವಿದ್ಯಾಲಯದ ಆಫೀಸಿಗೆ ಹೋಗಿ ಸಹಿ ಹಾಕಬೇಕು. ನಾನಿದ್ದ ಕಡೆ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಒಂದು ಗಾಜಿನ ಕಿಟಕಿ ಇತ್ತು. ತಿಂಗಳ ಮೊದಲ ದಿನಗಳಲ್ಲಿ ಅದರ ಮುಂದೆ ಒಂದು ಸಣ್ಣ ಸಾಲು. ಕಿಟಕಿಯ ಆಚೆ ಕೂತ ಹೆಂಗಸು ಒಂದು ನೀಲಿ ಫೈಲನ್ನು ನಮ್ಮ ಕಡೆ ತಿರುಗಿಸಿ, ನಮ್ಮ ಹೆಸರಿನ ಸಾಲಿನ ಕೆಳಗೆ ಸ್ಕೇಲ್ ಇಟ್ಟು ತೋರಿಸುತ್ತಿದ್ದರು. ಪಕ್ಕದವರ ಚೌಕದಲ್ಲಿ ಅಪ್ಪಿತಪ್ಪಿಯೂ ಸಹಿ ಬೀಳಬಾರದು ಅಂತ ಆ ಸ್ಕೇಲು. ನನ್ನ ಹೆಸರು ಅವರ ಲಿಪಿಯಲ್ಲಿ ಬರೆದರೆ ಚೌಕದ ಆಚೆಗೂ ಹರಿಯುತ್ತಿತ್ತು. ಅದಕ್ಕೇ ನನ್ನ ಸಾಲಿನಲ್ಲಿ ಮಾತ್ರ ಅಕ್ಷರ ಪುಟ್ಟದಾಗಿತ್ತು. ಸಹಿ ಆದ ಮೇಲೆ ಅವರು ತಲೆಬಾಗಿ ಥ್ಯಾಂಕ್ಸ್ ಹೇಳುತ್ತಿದ್ದರು. ದುಡ್ಡು ತಗೊಳ್ಳುವವಳು ನಾನು, ಥ್ಯಾಂಕ್ಸ್ ಹೇಳುವುದು ಅವರು. ಮೊದಮೊದಲು ವಿಚಿತ್ರ ಅನ್ನಿಸುತ್ತಿತ್ತು.

ಸಹಿ ಇಲ್ಲದಿದ್ದರೆ ಆ ತಿಂಗಳ ಸ್ಟೈಪೆಂಡ್ ಇಲ್ಲ. ನಿಯಮ ಅಷ್ಟು ನೇರ. ಸರ್ಕಾರದ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನಿಲ್ಲ. ವಿದ್ಯಾರ್ಥಿ ದೇಶದಲ್ಲೇ ಇದ್ದಾರಾ, ಓದುತ್ತಿದ್ದಾರಾ ಅಂತ ನೋಡಬೇಕಲ್ವಾ. ನನಗೆ ಅರ್ಥವಾಗದೆ ಉಳಿದಿದ್ದು ಮೊದಲ ತಿಂಗಳ ಲೆಕ್ಕ. ಬಂದಿಳಿದ ದಿನದಿಂದ ಖರ್ಚು ಶುರು. ಮೊದಲ ಸ್ಟೈಪೆಂಡ್ ಬರಬೇಕಾದರೆ ಮೊದಲು ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ವಿಳಾಸ ಬೇಕಾದರೆ ರೂಮು ಬೇಕು. ಹಾಸ್ಟೆಲ್ ಸಿಗದವರು ರೂಮು ಹಿಡಿಯಬೇಕಾದರೆ ಅಡ್ವಾನ್ಸ್ ಕೊಡಬೇಕು. ಅಲ್ಲಿ ಮಾಲೀಕರಿಗೆ ಕೃತಜ್ಞತೆಯ ಕಾಣಿಕೆ ಅಂತ ವಾಪಸ್ ಬಾರದ ದುಡ್ಡು ಕೊಡುವ ಪದ್ಧತಿ ಬೇರೆ ಇದೆ. ವಿಳಾಸ ಆದ ಮೇಲೆ ಬ್ಯಾಂಕ್ ಖಾತೆ. ಖಾತೆ ಆದ ಮೇಲೆ ಆಫೀಸಿಗೆ ಅದರ ನಕಲು. ಆಮೇಲೆ ಕಂತು. ಇದನ್ನೆಲ್ಲ ತಿಳಿದೇ ಅವರ ಮಾರ್ಗಸೂಚಿಯಲ್ಲಿ ಒಂದು ಸಾಲು ಹಾಕಿದ್ದಾರೆ: ಆರಂಭದ ಖರ್ಚಿಗೆ ಸುಮಾರು 2,000 ಅಮೆರಿಕನ್ ಡಾಲರ್ ಆಗುವಷ್ಟು ಹಣ ಜೊತೆಗೆ ತನ್ನಿ ಅಂತ.

ಆ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗುವವರಿದ್ದಾರೆ. ಓದಿ ಅಲ್ಲೇ ನಿಂತುಬಿಡುವವರೂ ಇದ್ದಾರೆ.

ನನ್ನ ಜೊತೆಗೇ ಬಂದು ಸೇರಿದ ಒಬ್ಬ ವಿದ್ಯಾರ್ಥಿ ಎರಡನೆಯ ಗುಂಪಿನವನು. ಬೇರೆ ದೇಶ, ಬೇರೆ ಭಾಷೆ. ಹಾಸ್ಟೆಲ್‌ನಲ್ಲಿ ನಮ್ಮಿಬ್ಬರಿಗೂ ಒಂದೇ ಅಡುಗೆಮನೆ. ಒಂದು ಸಂಜೆ ಅವನು ಅಲ್ಲಿನ ಮೇಜಿನ ಮೇಲೆ ಚಿಲ್ಲರೆ ಹರಡಿಕೊಂಡು ಕೂತಿದ್ದ. 500 ಯೆನ್ ನಾಣ್ಯಗಳದ್ದು ಒಂದು ಸಾಲು, 100ರದ್ದು ಇನ್ನೊಂದು. ಪಕ್ಕದಲ್ಲಿ ಒಂದು ಕ್ಯಾಲೆಂಡರ್. ಪ್ರತಿ ದಿನದ ಚೌಕದ ಮೇಲೆ ನಾಣ್ಯ ಇಟ್ಟು ನೋಡುತ್ತಿದ್ದ, ಎಲ್ಲಿಯವರೆಗೆ ಮುಟ್ಟುತ್ತೆ ಅಂತ. ಕಂತಿನ ದಿನಕ್ಕೆ ಮುಂಚೆಯೇ ನಾಣ್ಯ ಮುಗಿಯಿತು. ಆಗ ಅವನು 500ರ ಒಂದೊಂದು ನಾಣ್ಯವನ್ನು ಎರಡು ಚೌಕದ ನಡುವಿನ ಗೆರೆಯ ಮೇಲೆ ಇಡಲು ಶುರುಮಾಡಿದ. ನಾನು ಕೈಗಡ ಕೊಡುತ್ತೇನೆ ಅಂದೆ. ಬೇಡ ಅಂದ. ಅವನ ತಕರಾರು ನಾಣ್ಯದ್ದಾಗಿರಲಿಲ್ಲ. ಸರ್ಕಾರದ ಟಿಕೆಟ್ ಇದ್ದದ್ದು ಅವನ ದೇಶದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ. ಅಲ್ಲಿಗೆ ಬರುವ ಖರ್ಚು, ಅದಕ್ಕೆ ಮುಂಚೆ ರಾಯಭಾರ ಕಚೇರಿಯ ಪರೀಕ್ಷೆಗೆ, ಸಂದರ್ಶನಕ್ಕೆ ರಾಜಧಾನಿಗೆ ಓಡಾಡಿದ ಖರ್ಚು, ಎಲ್ಲ ಅವನದೇ. ಅದಕ್ಕೆ ಊರಲ್ಲಿ ಬಡ್ಡಿಗೆ ಸಾಲ ತಂದಿದ್ದ. ಮೊದಲ ಸ್ಟೈಪೆಂಡ್ ಬಂದ ದಿನ ಅದರಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಮುಂದಿನ ತಿಂಗಳು ಮತ್ತೆ ನಾಣ್ಯ, ಮತ್ತೆ ಕ್ಯಾಲೆಂಡರ್.

ಅವನು ಓದು ಮುಗಿಸಿದ, ಚೆನ್ನಾಗಿಯೇ ಮುಗಿಸಿದ. ಆದರೆ ಊರಲ್ಲಿ ಸಾಲ ಕೊಡುವವರೇ ಇಲ್ಲದವರ ಕಥೆ ಏನು?

'ಪೂರ್ತಿ ಖರ್ಚು ನಮ್ಮದು'

ಈಚೆಗೆ ಒಬ್ಬಳು ಫೋನ್ ಮಾಡಿದ್ದಳು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಸಿಕ್ಕಿತ್ತು. 2004ರಲ್ಲಿ ಶುರುವಾದ ಯೋಜನೆ. ಒಂದೇ ಸ್ನಾತಕೋತ್ತರ ಪದವಿಯನ್ನು ಎರಡು ಮೂರು ದೇಶಗಳಲ್ಲಿ ಓದಿಸುತ್ತಾರೆ. ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು, ಫೀಸು ಇಲ್ಲ. ಈ ಸ್ಕಾಲರ್‌ಶಿಪ್ ಸಿಗುವುದು ಎಷ್ಟು ಕಷ್ಟ ಅಂತ ಪ್ರಯತ್ನಪಟ್ಟವರನ್ನು ಕೇಳಬೇಕು. ಹುಡುಗಿ ಖುಷಿಯಾಗಿದ್ದಾಳೆ ಅಂದುಕೊಂಡು ನಾನೂ ಜೋರಾಗಿ ಅಭಿನಂದನೆ ಹೇಳಿದೆ.

'ಅಕ್ಕಾ, ಒಂದು ವಿಷಯ ಕೇಳ್ಬೇಕಿತ್ತು. ಟಿಕೆಟ್ ದುಡ್ಡು ಮೊದ್ಲೇ ಕೊಡ್ತಾರಾ?'

ಇಲ್ಲ. ಆ 1,400 ಯೂರೋದಲ್ಲೇ ಪ್ರಯಾಣ, ವೀಸಾ, ಅಲ್ಲಿ ನೆಲೆಯೂರುವ ಖರ್ಚು ಎಲ್ಲ ಸೇರಿದೆ. ಮೊದಲು ಪ್ರಯಾಣಕ್ಕೆ ಅಂತ ಬೇರೆ ದುಡ್ಡು ಇತ್ತು. 2021ರಿಂದ ಶುರುವಾದ ಹೊಸ ಸುತ್ತಿನಲ್ಲಿ ಎಲ್ಲವನ್ನೂ ಒಂದೇ ಮೊತ್ತಕ್ಕೆ ಸೇರಿಸಿದರು. ಲೆಕ್ಕ ಇಡುವವರಿಗೆ ಸುಲಭ. ಓದುವವರಿಗೂ ಒಟ್ಟಾರೆ ನಷ್ಟವಿಲ್ಲ, ನಿಜ. ಆದರೆ ಆ ಮೊತ್ತ ಕೈಗೆ ಬರುವುದು ಸಾಮಾನ್ಯವಾಗಿ ಅಲ್ಲಿಗೆ ಹೋಗಿ ಹೆಸರು ನೋಂದಾಯಿಸಿ, ಖಾತೆ ತೆರೆದ ಮೇಲೆ. ಟಿಕೆಟ್ ತಗೊಳ್ಳಬೇಕಾದ್ದು ಇಲ್ಲಿಂದ ಹೊರಡುವ ಮುಂಚೆ. ವೀಸಾ ಫೀಸು, ದಾಖಲೆಗಳ ದೃಢೀಕರಣ, ಅನುವಾದ, ವಿಮೆ, ರೂಮಿನ ಡಿಪಾಸಿಟ್, ಎಲ್ಲವೂ ಮುಂಚೆಯೇ.

'ನನ್ ಹೆಸರಲ್ಲಿ ಎರಡು ವರ್ಷದ ದುಡ್ಡು ಇದೆ ಅಂತ ಪತ್ರ ಇದೆ ಅಕ್ಕಾ. ಅದನ್ನ ತೋರ್ಸಿದ್ರೆ ಬ್ಯಾಂಕಲ್ಲಿ ಸಾಲ ಕೊಡಲ್ವಾ?' ಅಂತ ಕೇಳಿದಳು. ಕೇಳಿ ನೋಡು ಅಂದೆ. ಕೇಳಿದಳಂತೆ. ಫೀಸು ಕಟ್ಟಬೇಕಾದವರಿಗೆ ಶಿಕ್ಷಣ ಸಾಲ ಇದೆ, ನಿಮಗೆ ಫೀಸೇ ಇಲ್ಲವಲ್ಲ ಮೇಡಂ, ಮತ್ತೆ ಸಾಲ ಯಾತಕ್ಕೆ ಅಂದರಂತೆ. ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಕೊನೆಗೆ ಸಂಬಂಧಿಕರೊಬ್ಬರು ಕೊಟ್ಟರು, ಹೊರಟಳು. ಅವಳ ಪುಣ್ಯಕ್ಕೆ ಅಂಥ ಸಂಬಂಧಿಕರಿದ್ದರು.

ಎಲ್ಲ ದೇಶದವರೂ ಒಂದೇ ರೀತಿ ಅಂತ ಹೇಳುತ್ತಿಲ್ಲ. ಬ್ರಿಟನ್ನಿನ ಚೀವನಿಂಗ್ ಟಿಕೆಟ್ಟೂ ಕೊಡುತ್ತದೆ, ಹೋಗಿ ಇಳಿದವರಿಗೆ ಪ್ರತ್ಯೇಕ ಭತ್ಯೆಯನ್ನೂ ಕೊಡುತ್ತದೆ. ಟರ್ಕಿ, ದಕ್ಷಿಣ ಕೊರಿಯಾ ಸರ್ಕಾರಗಳೂ ವಿಮಾನದ ಖರ್ಚು ನೋಡಿಕೊಳ್ಳುತ್ತವೆ. ಕೊರಿಯಾದವರು ಮೊದಲ ಒಂದು ವರ್ಷ ಭಾಷೆಯನ್ನೂ ತಾವೇ ಕಲಿಸುತ್ತಾರೆ. ಭಾಷಾ ಪರೀಕ್ಷೆಯ ಕೋಚಿಂಗ್‌ಗೆ ದುಡ್ಡಿಲ್ಲದವರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಹಂಗೇರಿಯ ಸ್ಟಿಪೆಂಡಿಯಂ ಹಂಗೇರಿಕುಮ್ ಫೀಸು, ತಿಂಗಳ ಖರ್ಚಿಗೆ ಒಂದಿಷ್ಟು, ಹಾಸ್ಟೆಲ್ ಅಥವಾ ಬಾಡಿಗೆಗೆ ಸ್ವಲ್ಪ ಕೊಡುತ್ತದೆ, ಟಿಕೆಟ್ ಕೊಡುವುದಿಲ್ಲ. ಅದರ ತಿಂಗಳ ಸ್ಟೈಪೆಂಡ್‌ನಲ್ಲಿ ಬದುಕುವುದು ಕಷ್ಟ ಅಂತ ಅಲ್ಲಿ ಓದಿದವರೆಲ್ಲ ಹೇಳುತ್ತಾರೆ. ಇವೆಲ್ಲ 'ಪೂರ್ತಿ ಖರ್ಚು ನಮ್ಮದು' ಅನ್ನುವ ಒಂದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಆ ಪಟ್ಟಿ ಮಾಡಿ ಹಂಚುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಇನ್ನು ಸ್ಕಾಲರ್‌ಶಿಪ್ಪೇ ಬೇಡ, ಫೀಸೇ ಇಲ್ಲದ ಕಡೆ ಓದೋಣ ಅನ್ನುವವರ ದಾರಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೂ ಬಹುಪಾಲು ಫೀಸಿಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿಯನ್ ಒಕ್ಕೂಟದ ಆಚೆಯವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕಿತು. ಫೀಸಿಲ್ಲದ ಓದೂ ಸರ್ಕಾರದ ನೆರವೇ, ಬಹುಶಃ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಯಾರ ಶಿಫಾರಸೂ ಬೇಡ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಖರ್ಚು ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ನಮ್ಮದೇ ದುಡ್ಡು, ತಿಂಗಳಿಗೆ 992ರಂತೆ ನಮಗೇ ಬಿಡುತ್ತಾರೆ. ಖರ್ಚಾಗುವ ದುಡ್ಡಲ್ಲ ನಿಜ, ಆದರೆ ಇರಬೇಕಲ್ಲ. ಉತ್ತರ ಯುರೋಪಿನಲ್ಲಂತೂ ಆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹೊರಗಿನವರಿಗೆ ಸ್ವೀಡನ್ 2011ರಲ್ಲಿ ಫೀಸು ತಂದಿತು, ಫಿನ್ಲೆಂಡ್ 2017ರಲ್ಲಿ, ಕೊನೆಗೆ ನಾರ್ವೆ 2023ರಲ್ಲಿ.

ಕೊಡುವವರ ಲೆಕ್ಕ

ಹಾಗಾದರೆ ಸರ್ಕಾರಗಳು ಇದನ್ನೆಲ್ಲ ಯಾಕೆ ಕೊಡುತ್ತವೆ? ನಾನು ವಿದ್ಯಾರ್ಥಿಯಾಗಿದ್ದಾಗ ಈ ಪ್ರಶ್ನೆ ಕೇಳುವುದೇ ಕೃತಘ್ನತೆ ಅನ್ನಿಸುತ್ತಿತ್ತು. ಉಂಡ ಮನೆಗೆ ಎರಡು ಬಗೆಯುವುದು ಅಂತಾರಲ್ಲ, ಹಾಗೆ. ಆಮೇಲೆ ಈ ಯೋಜನೆಗಳ ಇತಿಹಾಸ ಓದುತ್ತಾ ಹೋದ ಹಾಗೆ ಆ ಭಾರ ಇಳಿಯಿತು.

ಅಮೆರಿಕಕ್ಕೆ ಚೀನಾದ ಹುಡುಗರು ಹೋದ ಕಥೆ ನೋಡಿ. ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ನಂತರ 1901ರಲ್ಲಿ ವಿದೇಶಿ ಶಕ್ತಿಗಳು ಆ ದೇಶದ ಮೇಲೆ 45 ಕೋಟಿ ಟೇಲ್ (ಅಲ್ಲಿನ ತೂಕದ ಅಳತೆ) ಬೆಳ್ಳಿಯ ದಂಡ ಹೇರಿದವು. ಅಮೆರಿಕದ ಪಾಲು ಅದರ ನಿಜವಾದ ನಷ್ಟಕ್ಕಿಂತ ಜಾಸ್ತಿ ಅಂತ ಆಮೇಲೆ ಒಪ್ಪಿಕೊಂಡರು. ಆ ಹೆಚ್ಚುವರಿಯನ್ನು ಸುಮ್ಮನೆ ಹಿಂದಕ್ಕೆ ಕೊಡಬಹುದಿತ್ತು. ಕೊಡಲಿಲ್ಲ. ಆ ದುಡ್ಡು ಚೀನೀ ಹುಡುಗರನ್ನು ಅಮೆರಿಕದಲ್ಲೇ ಓದಿಸಲು ಹೋಗುವ ಹಾಗೆ ಏರ್ಪಾಡಾಯಿತು. 1909ರಲ್ಲಿ ಮೊದಲ ತಂಡ ಹೊರಟಿತು. ಅವರನ್ನು ತಯಾರು ಮಾಡಲು 1911ರಲ್ಲಿ ತೆರೆದ ಶಾಲೆಯೇ ಇವತ್ತಿನ ಸಿಂಗ್ಹುವಾ ವಿಶ್ವವಿದ್ಯಾಲಯ. ಅಂದರೆ ಚೀನಾದ ಜನ ಕಟ್ಟಿದ ದಂಡದಲ್ಲೇ ಚೀನಾದ ಹುಡುಗರು ಓದಿದರು, ಹೆಸರು ಮಾತ್ರ ಅಮೆರಿಕಕ್ಕೆ. ಹೆಚ್ಚಿನವರು ಕೃಷಿ, ಗಣಿ, ಎಂಜಿನಿಯರಿಂಗ್ ಓದಬೇಕು ಅಂತ ಕಟ್ಟುಪಾಡೂ ಇತ್ತು. 1910ರಲ್ಲಿ ಹೋದ ಹು ಶಿ ಕೂಡ ಕಾರ್ನೆಲ್‌ನಲ್ಲಿ ಕೃಷಿಗೆ ಸೇರಿದರು. ಸೇಬಿನ ತಳಿಗಳನ್ನು ಗುರುತಿಸುವ ಪಾಠ ತಲೆಗೆ ಹತ್ತದೆ ತತ್ವಶಾಸ್ತ್ರಕ್ಕೆ ಹೊರಳಿದರು. ಊರಿಗೆ ಬಂದು, ಓದಿದವರ ಹಳೆಯ ಗ್ರಂಥಭಾಷೆ ಬಿಟ್ಟು ಆಡುಮಾತಿನಲ್ಲಿ ಬರೆಯೋಣ ಅನ್ನುವ ಚಳವಳಿಗೆ ಮುಂದಾಳಾದರು. ದುಡ್ಡು ಹಾಕಿದವರ ಯೋಜನೆಯಲ್ಲಿ ಇದು ಎಲ್ಲೂ ಇರಲಿಲ್ಲ. ಈ ಸೇಬಿನ ಪ್ರಸಂಗ ನನಗೆ ತುಂಬಾ ಇಷ್ಟ.

ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಕಥೆಯೂ ಅಂಥದ್ದೇ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಲಾರಿ, ಉಪಕರಣ, ಸಾಮಗ್ರಿ ಪ್ರಪಂಚದ ತುಂಬ ಬಿದ್ದಿದ್ದವು. ಅವನ್ನು ಅಲ್ಲಲ್ಲೇ ಮಾರಿದರೆ ಬರುವುದು ಆಯಾ ದೇಶದ ಹಣ. ಡಾಲರ್ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅರ್ಕನ್ಸಾದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಆ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸೋಣ ಅಂದರು. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಖಜಾನೆಯಿಂದ ಹೊಸದಾಗಿ ದುಡ್ಡು ಕೇಳದ ಕಾರಣಕ್ಕೇ ಆ ಮಸೂದೆ ಸದ್ದಿಲ್ಲದೆ ಪಾಸಾಯಿತು. ಇತ್ತ ಸೋವಿಯತ್ ಒಕ್ಕೂಟ 1960ರಲ್ಲಿ ಮಾಸ್ಕೋದಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರಿಗೆಂದೇ ಒಂದು ವಿಶ್ವವಿದ್ಯಾಲಯ ತೆರೆಯಿತು. ಮುಂದಿನ ವರ್ಷ ಅದಕ್ಕೆ ಕಾಂಗೋದ ನಾಯಕ ಪ್ಯಾಟ್ರಿಸ್ ಲುಮುಂಬಾ ಹೆಸರಿಟ್ಟಿತು. ಶೀತಲ ಸಮರದ ಎರಡೂ ಕಡೆಯವರಿಗೆ ನಾಳಿನ ಮಂತ್ರಿ, ಎಂಜಿನಿಯರ್, ಪ್ರೊಫೆಸರ್ ಬೇಕಿತ್ತು. ಸಿಕ್ಕರು ಕೂಡ.

ಇನ್ನೊಂದು ಲೆಕ್ಕ ಹೆಚ್ಚು ಜನಕ್ಕೆ ಗೊತ್ತಿಲ್ಲ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಎಷ್ಟು ಅಭಿವೃದ್ಧಿ ನೆರವು ಕೊಟ್ಟವು ಅಂತ ಆ ಶ್ರೀಮಂತ ದೇಶಗಳದೇ ಸಂಘಟನೆಯಾದ ಒಇಸಿಡಿ ಪ್ರತಿ ವರ್ಷ ಲೆಕ್ಕ ಹಾಕುತ್ತದೆ. ಅಲ್ಲಿ ಸ್ಕಾಲರ್‌ಶಿಪ್ ದುಡ್ಡೂ ಸೇರುತ್ತದೆ. ಅಷ್ಟೇ ಅಲ್ಲ, ಬಡ ದೇಶಗಳ ವಿದ್ಯಾರ್ಥಿಗಳು ಫೀಸಿಲ್ಲದೆ ಓದಿದರೆ ಅವರಿಗೆ ಪಾಠ ಹೇಳಿದ ಖರ್ಚನ್ನೂ ಕೆಲವು ಷರತ್ತಿನ ಮೇಲೆ ನೆರವು ಅಂತ ಬರೆದುಕೊಳ್ಳಬಹುದು. ಜರ್ಮನಿ, ಫ್ರಾನ್ಸ್ ಹೀಗೆ ದೊಡ್ಡ ಮೊತ್ತವನ್ನೇ ಬರೆದುಕೊಂಡಿವೆ. ಆ ದುಡ್ಡು ಅವರ ದೇಶದ ಗಡಿ ದಾಟುವುದೇ ಇಲ್ಲ. ಅವರದೇ ಪ್ರೊಫೆಸರ್ ಸಂಬಳ, ಅವರದೇ ಕಟ್ಟಡದ ಕರೆಂಟ್ ಬಿಲ್. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಒಂದು ಅಂಶ ಇದೆ. 2020ರೊಳಗೆ ಹಿಂದುಳಿದ ದೇಶಗಳಿಗೆ ಸ್ಕಾಲರ್‌ಶಿಪ್ ಸಂಖ್ಯೆ ಸಾಕಷ್ಟು ಹೆಚ್ಚಬೇಕು ಅಂತ. ಅದನ್ನು ಅಳೆಯುವುದು ಹೇಗೆ? ಸ್ಕಾಲರ್‌ಶಿಪ್‌ಗೆ ಹೋದ ನೆರವಿನ ಒಟ್ಟು ಮೊತ್ತ ನೋಡಿ. ಯಾರು ಬಂದರು, ಯಾರು ಓದು ಮುಗಿಸಿದರು ಅನ್ನುವುದು ಆ ಅಳತೆಯಲ್ಲಿ ಇಲ್ಲ.

ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಸರ್ಕಾರ ಅಂದ ಮೇಲೆ ಲಾಭ ನೋಡಿಯೇ ಕೊಡುತ್ತದೆ. ಆದರೆ ಇದು ಗೊತ್ತಾದ ಮೇಲೆ ಆ ಕಿಟಕಿಯ ಆಚೆಯ ಹೆಂಗಸು ತಲೆಬಾಗಿ ಹೇಳುತ್ತಿದ್ದ ಥ್ಯಾಂಕ್ಸ್ ನನಗೆ ವಿಚಿತ್ರ ಅನ್ನಿಸುವುದು ನಿಂತಿತು. ಎರಡೂ ಕಡೆಯವರಿಗೆ ಉಪಯೋಗವಿರುವ ವ್ಯವಹಾರ ಇದು. ವ್ಯವಹಾರ ಅಂದ ಮೇಲೆ ತಾರೀಖು ಕೇಳುವುದರಲ್ಲಿ ಸಂಕೋಚ ಯಾಕೆ?

ವಾಪಸ್ ಬರುವ ಕರಾರು

ವಿದ್ಯಾರ್ಥಿಯ ಕಡೆಯ ಕರಾರು ಯಾವಾಗಲೂ ಸ್ಪಷ್ಟವಾಗಿರುತ್ತದೆ. ಫುಲ್‌ಬ್ರೈಟ್‌ನಲ್ಲಿ ಓದಿ ಬಂದವರು ತಮ್ಮ ದೇಶದಲ್ಲಿ ಒಟ್ಟು ಎರಡು ವರ್ಷ ಇರುವವರೆಗೆ ಅಮೆರಿಕದ ಕೆಲಸದ ವೀಸಾಗೋ ಗ್ರೀನ್ ಕಾರ್ಡ್‌ಗೋ ಹೋಗುವಂತಿಲ್ಲ. ಚೀವನಿಂಗ್‌ನವರೂ ಎರಡು ವರ್ಷಕ್ಕೆ ಊರಿಗೆ ಮರಳಬೇಕು. ನಾರ್ವೆಯವರದು ಜಾಣತನದ ಏರ್ಪಾಡು. ಅಲ್ಲಿ ಕೋಟಾ ಯೋಜನೆ ಅಂತ ಇತ್ತು. ಬಡ ದೇಶದ ವಿದ್ಯಾರ್ಥಿಗೆ ಒಂದು ಭಾಗ ಅನುದಾನ, ದೊಡ್ಡ ಭಾಗ ಸಾಲ. ಓದು ಮುಗಿಸಿ ಊರಿಗೆ ಹೋಗಿ ನೆಲೆಸಿದರೆ ಸಾಲ ಮನ್ನಾ, ಇಲ್ಲವಾದರೆ ತೀರಿಸಬೇಕು. ಬರಲೇಬೇಕು ಅನ್ನುವ ಬಲವಂತ ಇಲ್ಲ, ಬಾರದಿದ್ದರೆ ಬೆಲೆ ಕಟ್ಟಬೇಕು, ಅಷ್ಟೇ. ನನಗೆ ಇದು ಬಾಂಡ್‌ಗಳಿಗಿಂತ ಸರಿ ಅನ್ನಿಸಿತ್ತು. ಕಳೆದ ದಶಕದಲ್ಲಿ ಅದನ್ನೂ ನಿಲ್ಲಿಸಿದರು.

ಕರಾರಿನ ಇನ್ನೊಂದು ಕಡೆಯ ಬಗ್ಗೆ ಯೋಚಿಸಿದಾಗೆಲ್ಲ ಅಂಬೇಡ್ಕರ್ ನೆನಪಾಗುತ್ತಾರೆ. 1913ರಲ್ಲಿ ಬರೋಡಾ ಸಂಸ್ಥಾನ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅನ್ನುವ ಒಪ್ಪಂದ. ಲಂಡನ್ನಿನ ಓದು ಅರ್ಧದಲ್ಲಿರುವಾಗ ದುಡ್ಡಿನ ಅವಧಿ ಮುಗಿಯಿತು, 1917ರಲ್ಲಿ ಹೊರಡಬೇಕಾಯಿತು. ಒಪ್ಪಂದದಂತೆ ಬರೋಡಾಗೆ ಹೋದರು. ಉಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದರು. ಮುಂದಿನದು ಓದುಗರಿಗೆ ಗೊತ್ತು. ನಾನು ಹೇಳಬೇಕಿರುವುದು ಇಷ್ಟೇ: ಮಹಾರಾಜರು ಕೊಟ್ಟ ದುಡ್ಡು ನಿಜ, ವಿದ್ಯಾರ್ಥಿ ವಾಪಸ್ ಬಂದಿದ್ದೂ ನಿಜ. ಬಂದವರಿಗೆ ನಿಲ್ಲಲು ಜಾಗ ಮಾಡಿಕೊಡುವುದು ಆ ಕರಾರಿನಲ್ಲಿ ಯಾರ ಜವಾಬ್ದಾರಿಯೂ ಆಗಿರಲಿಲ್ಲ. ಇವತ್ತಿಗೂ ಓದಿದವರು ಮರಳಿ ಬರುವುದಿಲ್ಲ ಅಂತ ದೂರುವ ಸರ್ಕಾರಗಳು, ಬಂದವರಿಗೆ ಲ್ಯಾಬ್ ಇದೆಯಾ, ಕೆಲಸ ಇದೆಯಾ ಅಂತ ನೋಡುವುದು ಅಪರೂಪ.

ದುಡ್ಡು ನಿಂತ ದಿನ

ಸರ್ಕಾರದ ದುಡ್ಡಿಗೆ ಇನ್ನೊಂದು ಅಪಾಯ ಇದೆ. ಅದು ಸರ್ಕಾರದ ಮೂಡ್ ಮೇಲೆ ನಿಂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಕೆನಡಾ ವಿದೇಶಾಂಗ ಇಲಾಖೆ ಸೌದಿಯಲ್ಲಿ ಬಂಧನಕ್ಕೊಳಗಾದ ಹೋರಾಟಗಾರರ ಪರವಾಗಿ ಟ್ವೀಟ್ ಮಾಡಿತು. ಸಿಟ್ಟಾದ ಸೌದಿ ಸರ್ಕಾರ, ತನ್ನ ದುಡ್ಡಿನಲ್ಲಿ ಕೆನಡಾದಲ್ಲಿ ಓದುತ್ತಿದ್ದ ಸಾವಿರಾರು ವಿದ್ಯಾರ್ಥಿಗಳಿಗೆ ಜಾಗ ಖಾಲಿ ಮಾಡಿ ಬೇರೆ ದೇಶಕ್ಕೆ ಹೋಗಿ ಅಂದಿತು. ಪದವಿಯ ನಡುವೆ ಇದ್ದವರು, ಮನೆ ಬಾಡಿಗೆಗೆ ಹಿಡಿದವರು, ಮಕ್ಕಳನ್ನು ಶಾಲೆಗೆ ಹಾಕಿದವರು, ಎಲ್ಲರಿಗೂ ಒಂದೇ ಆದೇಶ. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬೀಳುವ ಹೊತ್ತಿಗೆ, ಚೀವನಿಂಗ್‌ಗೆ ಆಯ್ಕೆಯಾಗಿದ್ದ ಅಫ್ಘನ್ನರಿಗೆ ಕಾಗದಪತ್ರ ಸಕಾಲಕ್ಕೆ ಆಗುವುದಿಲ್ಲ, ಈ ವರ್ಷ ಬೇಡ ಅಂತ ಬ್ರಿಟನ್ ಹೇಳಿತ್ತು. ಗಲಾಟೆಯಾದ ಮೇಲೆ ತೀರ್ಮಾನ ಬದಲಾಯಿತು. 2025ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣ ತಡೆಹಿಡಿದಾಗ ಫುಲ್‌ಬ್ರೈಟ್‌ನವರಿಗೂ ತಿಂಗಳ ಹಣ ಬರುವುದು ಅಸ್ತವ್ಯಸ್ತವಾಯಿತು. ಬೇರೆ ಕೆಲಸ ಮಾಡಿಕೊಂಡು ತೂಗಿಸೋಣ ಅಂದರೆ ವೀಸಾದ ನಿಯಮ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮನೆ ಮಾಲೀಕರಿಗೆ ವಾಷಿಂಗ್ಟನ್‌ನ ಕಥೆ ಹೇಳಿದರೆ ಕೇಳುತ್ತಾರಾ?

ಇಂಥ ದೊಡ್ಡ ಘಟನೆಗಳು ಸುದ್ದಿಯಾಗುತ್ತವೆ, ಆದ್ದರಿಂದ ಕೆಲವೊಮ್ಮೆ ಸರಿಯೂ ಆಗುತ್ತವೆ. ಟಿಕೆಟ್ ದುಡ್ಡಿಲ್ಲದೆ ನಿಂತುಹೋದವರು ಸುದ್ದಿಯಾಗುವುದಿಲ್ಲ. ಅನೇಕ ಯೋಜನೆಗಳಲ್ಲಿ ಮೀಸಲು ಪಟ್ಟಿ ಇರುತ್ತದೆ. ಆಯ್ಕೆಯಾದವರು ಬರುವುದಿಲ್ಲ ಅಂತ ಬರೆದರೆ ಪಟ್ಟಿಯಲ್ಲಿ ಮುಂದಿದ್ದವರಿಗೆ ಸೀಟು ಹೋಗುತ್ತದೆ. ಸೀಟು ತುಂಬಿತು, ದುಡ್ಡು ಖರ್ಚಾಯಿತು, ವರದಿಯಲ್ಲಿ ಸಂಖ್ಯೆ ಸರಿಯಾಯಿತು. ಒಳ್ಳೆಯ ಕೆಲಸ ಸಿಕ್ಕಿ ಬೇಡ ಅಂದವರೂ, ವೀಸಾ ಫೀಸಿಗೆ ದುಡ್ಡು ಹೊಂದದೆ ಬಿಟ್ಟವರೂ ಅಲ್ಲಿ ಒಂದೇ ಸಾಲಿಗೆ ಸೇರುತ್ತಾರೆ.

ಇದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಹೊಸ ದುಡ್ಡೂ ಬೇಡ. ಕೊಡುವ ಮೊತ್ತದಲ್ಲೇ ಮೊದಲ ಎರಡು ತಿಂಗಳದ್ದನ್ನು ವೀಸಾ ಬಂದ ಕೂಡಲೇ, ವಿದ್ಯಾರ್ಥಿಯ ಊರಿನ ಖಾತೆಗೇ ಹಾಕಬಹುದು. ಟಿಕೆಟ್ಟನ್ನು ತಾವೇ ತೆಗೆದು ಕಳಿಸಬಹುದು, ಮೆಕ್ಸ್ಟ್‌ನವರು ಮಾಡುವ ಹಾಗೆ. ಯಾರಾದರೂ ದುಡ್ಡು ತಗೊಂಡು ಬಾರದೆ ಉಳಿದರೆ ಅನ್ನುವ ಭಯ ಅವರಿಗಿದೆ, ಒಪ್ಪುತ್ತೇನೆ. ಒಬ್ಬಿಬ್ಬರು ಹಾಗೆ ಮಾಡಲೂಬಹುದು. ವರ್ಷಗಟ್ಟಲೆ ಒಬ್ಬರ ಮೇಲೆ ಖರ್ಚು ಮಾಡಲು ತಯಾರಿರುವ ಸರ್ಕಾರಕ್ಕೆ ಅದು ತಡೆಯಲಾರದ ನಷ್ಟ ಅಂತ ನನಗನ್ನಿಸುವುದಿಲ್ಲ.

ಅಲ್ಲಿಯವರೆಗೆ, ಅರ್ಜಿ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಯ್ಕೆ ಪತ್ರ ಬಂದ ದಿನವೇ ಸಂಯೋಜಕರಿಗೆ ಮೂರು ಸಾಲಿನ ಮೇಲ್ ಹಾಕಿ. ಮೊದಲ ಕಂತು ಯಾವ ತಾರೀಖಿಗೆ, ಯಾವ ದಾಖಲೆ ಆದ ಮೇಲೆ, ಅಡ್ವಾನ್ಸ್ ಸಿಗುವ ಸಾಧ್ಯತೆ ಇದೆಯಾ. ಕೇಳಿದರೆ ಸೀಟು ಹೋಗುತ್ತೆ ಅಂತ ಹೆದರುವವರು ಬಹಳ. ಹಾಗೆ ಹೋಗಿದ್ದು ನಾನಂತೂ ನೋಡಿಲ್ಲ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಹೊಸದಾಗಿ ಬಂದವರಿಗೆ ತುರ್ತು ಸಾಲದ ಸಣ್ಣ ನಿಧಿ ಇರುತ್ತದೆ. ಅದರ ಸುದ್ದಿ ಪತ್ರದಲ್ಲಿ ಬರೆದಿರುವುದಿಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತಾರೆ.